ದಾಸರ ಪದಕ್ಕೂ ಯಜಮಾನರು ಹುಟ್ಟಿಕೊಂಡಿದ್ದಾರೆ

ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಅವರ ಒಂದು ಪದ ಯಾವುದೋ ಆಡಿಯೋ ಕಂಪನಿಯ ಸ್ವತ್ತು ಅಂತ ನನಗೆ ಇವತ್ತು ಬೆಳಿಗ್ಗೆ ಗೊತ್ತಾಯಿತು. ಸುದ್ದಿ ತಂದವರು ನನ್ನ ಶಿಷ್ಯೆಯ ಅಮ್ಮ. ಬದಿಯಡ್ಕದಿಂದ ಬಸ್ಸು ಹತ್ತಿ, ಪಾಠ ಇಲ್ಲದ ಹೊತ್ತಿನಲ್ಲಿ ಕುಂಬಳೆಗೆ ಬಂದು, ಬಾಗಿಲಲ್ಲೇ ಫೋನ್ ಚಾಚಿದರು. "ಟೀಚರೇ, ಇದು ಎಂತದು? ಪೊಲೀಸರು ಬರ್ತಾರಾ?"

ಕೇರಳಕ್ಕೆ ಸೇರಿದ ನಮ್ಮೂರಲ್ಲಿ ಮಲಯಾಳದ ಸರ್ಕಾರಿ ಕಾಗದ ಹಿಡಿದುಕೊಂಡು ಓದಿಸಿಕೊಳ್ಳಲು ಅಲೆಯುವುದು ಹೊಸತಲ್ಲ. ಈಗ ಯೂಟ್ಯೂಬಿನ ಇಂಗ್ಲಿಷ್ ಇಮೇಲೂ ಸೇರಿತು. ಅದರಲ್ಲಿ ಇದ್ದದ್ದು ಇಷ್ಟು: ನಿಮ್ಮ ವಿಡಿಯೋದಲ್ಲಿರುವ ಸಂಗೀತಕ್ಕೆ ಬೇರೆಯವರ ಹಕ್ಕು ಉಂಟು, ವಿಡಿಯೋ ಇರಲಿ, ಜಾಹೀರಾತಿನ ದುಡ್ಡು ಮಾತ್ರ ಅವರಿಗೆ. ಇದಕ್ಕೇ ಕ್ಲೈಮ್ ಅನ್ನುವುದು.

ಯಾವ ಸಂಗೀತ ಮಾರಾಯ್ರೆ? ನವರಾತ್ರಿಯಲ್ಲಿ ದೇವಸ್ಥಾನದ ಜಗಲಿಯಲ್ಲಿ ಕೂತು ಹತ್ತನೇ ಕ್ಲಾಸಿನ ಹುಡುಗಿ ಹಾಡಿದ್ದು. ಹಾರ್ಮೋನಿಯಂ ನಾನು ಹಿಡಿದದ್ದು. ತಬಲಾ ನಮ್ಮ ಭಜನಾ ಮಂಡಳಿಯವರದ್ದು. ವಿಡಿಯೋ ತೆಗೆದವರು ಹುಡುಗಿಯ ಮಾವ, ಅದರಲ್ಲಿ ಎರಡನೇ ಚರಣ ಪೂರ್ತಿ ಯಾರದ್ದೋ ಬೋಳುತಲೆಯೇ ಕಾಣುತ್ತದೆ. ಹಿಂದೆ ತೀರ್ಥ ಕೊಡುವ ಗದ್ದಲ, ನಡುವೆ ಒಂದು ಮಗು ಅಳುವುದು, ಕೊನೆಗೆ ಗಂಟೆ. ಇಷ್ಟೆಲ್ಲಾ ಗೌಜಿಯ ಒಳಗಿಂದ ಒಂದು ಯಂತ್ರ ತಮ್ಮ ಕಂಪನಿಯ ಆಸ್ತಿಯನ್ನು ಹೆಕ್ಕಿ ತೆಗೆದಿದೆ. ಮೆಚ್ಚಬೇಕಾದ್ದೇ.

ಧಾಟಿ ನನ್ನ ಗುರುಗಳಿಂದ ಬಂದದ್ದು. ಆ ಕಂಪನಿಯವರ ಕ್ಯಾಸೆಟ್ ಬರುವ ಮೊದಲೇ ಅವರು ಅದನ್ನು ಹೇಳಿಕೊಡುತ್ತಿದ್ದರು. ರಾಗ ಎರಡರಲ್ಲೂ ಒಂದೇ, ಒಪ್ಪಿದೆ. ಆದರೆ ರಾಗವನ್ನು ಕಂಪನಿ ಕಂಡುಹಿಡಿದದ್ದಲ್ಲವಲ್ಲ. ಹಾಡಿದ್ದು ನಮ್ಮ ಹುಡುಗಿ, ದುಡ್ಡು ಅವರಿಗೆ!

ಇನ್ನೊಂದು ಮಜಾ ಕೇಳಿ. ಆ ಹುಡುಗಿಯ ಚಾನೆಲಿಗೆ ಜಾಹೀರಾತಿನಲ್ಲಿ ಪಾಲು ಪಡೆಯುವ ಅರ್ಹತೆಯೇ ಇಲ್ಲ. ಅದಕ್ಕೆ 1,000 ಚಂದಾದಾರರು ಬೇಕು, ವರ್ಷದಲ್ಲಿ ಜನ 4,000 ಗಂಟೆ ನೋಡಿರಬೇಕು. ಇವಳ ಚಾನೆಲಿನಲ್ಲಿ ಇರುವುದು ನೆಂಟರು, ಮಂಡಳಿಯವರು ಮತ್ತು ನಾನು. ಅಂದರೆ ಹಾಡಿದವಳಿಗೆ ಹುಟ್ಟದ ದುಡ್ಡು, ಕ್ಲೈಮ್ ಹಾಕಿದವರಿಗೆ ಹುಟ್ಟುತ್ತದೆ. ನಾಲ್ಕಾಣೆಯೋ ಎಂಟಾಣೆಯೋ, ಆ ಲೆಕ್ಕ ಬೇರೆ.

ನಾನು ಕಾಪಿರೈಟ್ ವಿರೋಧಿ ಅಲ್ಲ. ಇದು ನಿಮಗೆಲ್ಲಾ ಗೊತ್ತು. 2017ರಲ್ಲಿ ಇಳಯರಾಜಾ ಅವರು ತನ್ನ ಹಾಡುಗಳನ್ನು ಅನುಮತಿ ಇಲ್ಲದೆ ವೇದಿಕೆಯಲ್ಲಿ ಹಾಡಬಾರದು ಅಂತ ಎಸ್‌ಪಿಬಿ ಅವರಿಗೆ ನೋಟಿಸ್ ಕಳಿಸಿದಾಗ ಇದೇ ಗೋಡೆಯ ಮೇಲೆ ರಾಜಾ ಕಡೆ ಮಾತಾಡಿ ಬೈಸಿಕೊಂಡವಳು ನಾನು. ರಾಗ ಹಾಕಿದವನಿಗೆ ಅವನ ಪಾಲು ಸಿಗಬೇಕು. 2012ರ ಕಾಪಿರೈಟ್ ತಿದ್ದುಪಡಿಯಲ್ಲಿ, ಸಿನಿಮಾಕ್ಕೆ ಹಾಡು ಬರೆದವರು, ರಾಗ ಹಾಕಿದವರು ಎಲ್ಲಾ ಹಕ್ಕು ಬರೆದುಕೊಟ್ಟರೂ ರಾಯಲ್ಟಿಯ ಪಾಲು ಮಾತ್ರ ಬಿಟ್ಟುಕೊಡಲಿಕ್ಕಾಗದು ಅಂತ ಮಾಡಿದರಲ್ಲ, ಆವತ್ತು ನನಗೆ ಖುಷಿಯೇ ಆಗಿತ್ತು. ಹಾಗಾಗಿ ಕರೋಕೆ ಟ್ರ್ಯಾಕ್ ಹಾಕಿ ಸಿನಿಮಾ ಹಾಡು ಹಾಡಿ, ಕೆಳಗೆ "ಹಕ್ಕುಗಳೆಲ್ಲಾ ಮೂಲದವರಿಗೆ" ಅಂತ ಬರೆದು, ಕ್ಲೈಮ್ ಬಂದಾಗ ನನ್ನ ಹತ್ತಿರ ಅಳುತ್ತಾ ಬರಬೇಡಿ. ಹೆಸರು ಹಾಕಿದ್ದು ಅನುಮತಿ ಆಗುವುದಿಲ್ಲ. 30 ಸೆಕೆಂಡಿನ ಒಳಗಾದರೆ ಪರವಾಗಿಲ್ಲ ಅಂತ ಯಾವ ಕಾಯ್ದೆಯಲ್ಲೂ ಇಲ್ಲ. ಕರೋಕೆ ಟ್ರ್ಯಾಕಿಗೂ ಅದನ್ನು ಮಾಡಿದವನ ಹಕ್ಕು ಉಂಟು.

ಆದರೆ ದಾಸರ ಪದ?

1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯ ಬೇರೆ, ಸ್ವರ ಸಂಯೋಜನೆ ಬೇರೆ, ಧ್ವನಿಮುದ್ರಣ ಬೇರೆ. ಸಾಹಿತ್ಯಕ್ಕೂ ಸ್ವರಕ್ಕೂ ಕರ್ತೃ ತೀರಿಕೊಂಡ ಮೇಲೆ 60 ವರ್ಷ. ಮೊದಲು ಅದು 50 ಇತ್ತು. 1941ರಲ್ಲಿ ತೀರಿಕೊಂಡ ಠಾಗೋರರ ಕೃತಿಗಳ ಅವಧಿ ಮುಗಿಯುತ್ತಾ ಬಂದಾಗ ಹತ್ತು ವರ್ಷ ಏರಿಸಿದರು. ಠಾಗೋರರಿಗೆ 60 ಸಾಕಾಯಿತು, ದಾಸರಿಗೆ 460 ದಾಟಿದರೂ ಸಾಕಾಗಲಿಲ್ಲ! ಧ್ವನಿಮುದ್ರಣಕ್ಕೆ ಪ್ರಕಟವಾದಲ್ಲಿಂದ 60 ವರ್ಷ. ಕಂಪನಿಯ ಕೈಯಲ್ಲಿ ಇರುವುದು ಈ ಕೊನೆಯದ್ದು, ಅವರು ಸ್ಟುಡಿಯೋದಲ್ಲಿ ಮಾಡಿದ ಆ ಮುದ್ರಣ. ಅದನ್ನೇ ಎತ್ತಿ ಹಾಕಿದರೆ ತಪ್ಪು. ನಮ್ಮ ಜಗಲಿಯಲ್ಲಿ ಕೂತು ಹೊಸದಾಗಿ ಹಾಡಿದ್ದು ಅವರ ಮುದ್ರಣ ಹೇಗಾಗುತ್ತದೆ?

ಒಂದು ತೊಡಕು ಉಂಟು, ಅದನ್ನು ಮುಚ್ಚಿಡುವುದಿಲ್ಲ. ದಾಸರು ಹಾಡುತ್ತಿದ್ದ ಧಾಟಿಗಳು ಹೆಚ್ಚಿನವು ನಮಗೆ ಸಿಕ್ಕಿಲ್ಲ. ಇವತ್ತು ಕಛೇರಿಯಲ್ಲಿ ಕೇಳುವುದರಲ್ಲಿ ಎಷ್ಟೋ ಪದಗಳಿಗೆ ರಾಗ ಹಾಕಿದವರು ಇತ್ತೀಚಿನ ವಿದ್ವಾಂಸರು. ಅಂಥ ಹೊಸ ಸಂಯೋಜನೆಯ ಮೇಲೆ ಅವರಿಗೆ ಹಕ್ಕು ಇರಬಹುದು, ಇರಲಿ. ಹಾಗಾದರೆ ಇದು ಇಂಥವರ ಸಂಯೋಜನೆ, ಇಂಥ ವರ್ಷದ್ದು ಅಂತ ಹೇಳಿ. ಹೆಸರು ಹೇಳಿದರೆ ನಾನೇ ಕೈಮುಗಿದು ವಿಡಿಯೋ ತೆಗೆಸುತ್ತೇನೆ. ಈ ಕ್ಲೈಮಿನಲ್ಲಿ ಕಂಪನಿಯ ಹೆಸರು ಬಿಟ್ಟರೆ ಒಬ್ಬ ಮನುಷ್ಯನ ಹೆಸರಿಲ್ಲ.

ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಮಾಡಿದ ಯಕ್ಷರಂಗದ ಹಕ್ಕಿನ ವ್ಯಾಜ್ಯ ನೆನಪಿರಬೇಕಲ್ವಾ? ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ಮುಗಿಯಿತು. ಕಾರಂತರು ಉಯಿಲಿನಲ್ಲಿ ಕೊಟ್ಟ ಹಕ್ಕು ನಿಂತಿತು. ಕಾಯ್ದೆಯಲ್ಲಿರುವ ವಿನಾಯಿತಿಗಳಿಗೆ ಅದರಿಂದ ಅಡ್ಡಿ ಇಲ್ಲ ಅಂತಲೂ ಕೋರ್ಟು ಹೇಳಿತು. ಅಲ್ಲಿ ಹೊಸ ರೂಪ ಕೊಟ್ಟವರು ಯಾರು ಅಂತ ಗೊತ್ತಿತ್ತು, ಕಾಗದ ಇತ್ತು, ಎರಡೂ ಕಡೆಯವರ ಮಾತು ಕೇಳಿದರು. ಇಲ್ಲಿ ಕೇಳುವುದು ಯಂತ್ರ, ತೀರ್ಮಾನವೂ ಯಂತ್ರದ್ದೇ. ಹೀಗೇ ಬಿಟ್ಟರೆ ನಾಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದವನ್ನು ಅವನದ್ದೇ ಊರಾದ ಕುಂಬಳೆಯಲ್ಲಿ ಹಾಡಿದ್ದಕ್ಕೂ ಮುಂಬೈಯಿಂದ ಕ್ಲೈಮ್ ಬರುತ್ತದೆ.

"ದೇವರ ಎದುರು ಹಾಡಿದ್ದಲ್ವಾ ಟೀಚರೇ, ಅದಕ್ಕೂ ಕೇಸಾ?" ಅಂತ ಅಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ. ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಧಾರ್ಮಿಕ ಸಮಾರಂಭದಲ್ಲಿ ಹಾಡಿ ನುಡಿಸುವುದಕ್ಕೆ ವಿನಾಯಿತಿ ಉಂಟು, ಮದುವೆ ದಿಬ್ಬಣಕ್ಕೂ ಉಂಟು. ಅಲ್ಲಿ ಹಾಡಿದ್ದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಆದರೆ ಅದೇ ವಿಡಿಯೋವನ್ನು ನೆಟ್ಟಿಗೆ ಹಾಕಿದರೂ ಆ ವಿನಾಯಿತಿ ಸಿಗುತ್ತದೆ ಅಂತ ಧೈರ್ಯದಲ್ಲಿ ಹೇಳುವ ಹಾಗಿಲ್ಲ. ನಮಗೆ ಅದರ ಅಗತ್ಯವೂ ಇಲ್ಲ. ದಾಸರ ಸಾಹಿತ್ಯಕ್ಕೆ ಹಕ್ಕೇ ಉಳಿದಿಲ್ಲ, ಮತ್ತೆ ವಿನಾಯಿತಿ ಯಾವುದಕ್ಕೆ?

ಪೊಲೀಸರ ವಿಷಯಕ್ಕೆ ನಾನು ನಗಾಡಲಿಲ್ಲ. ಗೊತ್ತಿದ್ದೂ ಬೇರೆಯವರ ಕೃತಿ ಕದ್ದರೆ 63ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ ಎರಡು ಲಕ್ಷದವರೆಗೆ ದಂಡ. ಜಾಮೀನು ತಾನಾಗಿ ಸಿಗದ ಅಪರಾಧ ಅದು ಅಂತ 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಇಂಥದ್ದು ಅರ್ಧಂಬರ್ಧ ಕಿವಿಗೆ ಬಿದ್ದ ತಾಯಿ ಹೆದರದೆ ಏನು ಮಾಡಬೇಕು? ಇಲ್ಲಿ ಬಂದದ್ದು ಬರೇ ಕ್ಲೈಮ್. ಅದಕ್ಕೂ, ವಿಡಿಯೋ ತೆಗೆಸಿ ಚಾನೆಲಿಗೆ ಕಪ್ಪುಚುಕ್ಕೆ ಹಾಕುವ ಸ್ಟ್ರೈಕಿಗೂ ವ್ಯತ್ಯಾಸ ಉಂಟು, ಪೊಲೀಸ್ ಕೇಸಿಗಂತೂ ಅಜಗಜಾಂತರ. ಇದನ್ನೆಲ್ಲಾ ಬಿಡಿಸಿ ಹೇಳುವಷ್ಟರಲ್ಲಿ ಅವರು ಎರಡು ಸಲ "ಡಿಲೀಟ್ ಮಾಡಿಬಿಡುವಾ" ಅಂದರು. ಎರಡನೇ ಸಲಕ್ಕೆ ನಾನು ಫೋನು ಕಸಿದುಕೊಂಡೆ. ಹೆದರಿ ಅಳಿಸುವವರು ಇಷ್ಟೊಂದು ಜನ ಇರುವುದರಿಂದಲೇ ಈ ವ್ಯಾಪಾರ ನಡೆಯುವುದು.

ಬೆಂಗಳೂರಿನಲ್ಲಿ ಆಡಿಯೋ ಫೀಲ್ಡಿನಲ್ಲಿರುವ ನಮ್ಮ ಸ್ನೇಹಿತರಿಗೆ ಫೋನ್ ಮಾಡಿದೆ. ಅವರ ವಾದ: ಕಂಪನಿ ಬಂಡವಾಳ ಹಾಕಿರುತ್ತದೆ, ಕದಿಯುವವರು ಲಕ್ಷಾಂತರ, ಒಂದೊಂದನ್ನೂ ಮನುಷ್ಯರು ಕೂತು ಕೇಳಲಿಕ್ಕಾಗುತ್ತದಾ, ಯಂತ್ರ ಬೇಕೇ ಬೇಕು. ಹೌದು ಸ್ವಾಮಿ. ಯಕ್ಷಗಾನದ ಕ್ಯಾಸೆಟ್ಟುಗಳ ನಕಲು ಪೇಟೆಯಲ್ಲಿ ಮಾರಿದ್ದನ್ನು ನಾವೂ ನೋಡಿದವರೇ. ಯೂಟ್ಯೂಬಿನಲ್ಲಿ 2007ರಿಂದ ಕಂಟೆಂಟ್ ಐಡಿ ಅನ್ನುವ ಈ ಪತ್ತೆಯಂತ್ರ ಇರುವುದು ಅದಕ್ಕೇ. ಆದರೆ ಯಂತ್ರ ತಪ್ಪಿದರೆ ಯಾರಿಗೆ ನಷ್ಟ? ಕ್ಲೈಮ್ ಹಾಕುವಾಗ ಕಂಪನಿಯ ಒಬ್ಬನೂ ಕಿವಿಗೊಟ್ಟು ಕೇಳಬೇಕಾಗಿಲ್ಲ. ತಕರಾರು ಹಾಕಬೇಕಾದವಳು ಹುಡುಗಿ. ಉತ್ತರ ಕೊಡಲು ಅವರಿಗೆ 30 ದಿನ. ಅವರು ಒಪ್ಪದಿದ್ದರೆ ಮೇಲ್ಮನವಿ, ಅದಕ್ಕೆ ಇನ್ನೂ ಏಳು ದಿನ. ಆಗಲೂ ಅವರು ಹಟ ಹಿಡಿದು ವಿಡಿಯೋ ತೆಗೆಸಿದರೆ ಸ್ಟ್ರೈಕ್. 90 ದಿನದಲ್ಲಿ ಮೂರು ಸ್ಟ್ರೈಕ್ ಆದರೆ ಚಾನೆಲೇ ಇಲ್ಲ. ಪಬ್ಲಿಕ್ ಪರೀಕ್ಷೆಗೆ ಓದುವ ಹುಡುಗಿ ಇದನ್ನೆಲ್ಲಾ ಮಾಡುತ್ತಾ ಕೂರಬೇಕಾ?

"ಹಾಗಾದರೆ ಕೋರ್ಟಿಗೆ ಹೋಗಿ" ಅಂದರು ಅವರು. ಕಾಯ್ದೆಯಲ್ಲಿ ಆಧಾರವಿಲ್ಲದೆ ಕೇಸಿನ ಬೆದರಿಕೆ ಹಾಕುವವರ ಮೇಲೆ ತಿರುಗಿ ದಾವೆ ಹೂಡಲು 60ನೇ ಸೆಕ್ಷನ್ ಉಂಟು, ನನಗೆ ಗೊತ್ತು. ಅದೇ ಕಾಯ್ದೆಯ 62ನೇ ಸೆಕ್ಷನ್ ಕಂಪನಿಗೆ ತನ್ನ ಕಚೇರಿ ಇರುವ ಊರಿನಲ್ಲೇ ನಮ್ಮ ಮೇಲೆ ಕೇಸು ಹಾಕಲು ಬಿಡುತ್ತದೆ, ಅದೂ ಗೊತ್ತು. ತಕರಾರು ಹುಟ್ಟಿದ ಊರಲ್ಲೇ ಶಾಖೆ ಇದ್ದರೆ ಅಲ್ಲೇ ಹಾಕಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟು ಸ್ವಲ್ಪ ಕಡಿವಾಣ ಹಾಕಿತು. ಕುಂಬಳೆಯಲ್ಲಿ ಯಾವ ಆಡಿಯೋ ಕಂಪನಿಯ ಶಾಖೆ ಇದೆ ಹೇಳಿ! ನಮ್ಮ ಕಾಸರಗೋಡಿಗೆ ದೊಡ್ಡ ಕೇಸು ಹೊಸತಲ್ಲ, ಅದು ಬೇರೆ ಮಾತು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸಿನಲ್ಲಿ 1973ರಲ್ಲಿ ಬಂದ ತೀರ್ಪನ್ನು ಇವತ್ತಿಗೂ ಕಾನೂನು ಕಾಲೇಜುಗಳಲ್ಲಿ ಓದುತ್ತಾರೆ. 2020ರಲ್ಲಿ ತೀರಿಕೊಂಡ ಅವರು ಹಾಡುತ್ತಿದ್ದವರೂ ಹೌದು, ಭಾಗವತಿಕೆ ಮಾಡುತ್ತಿದ್ದವರೂ ಹೌದು. ಆದರೆ ಅವರ ಹಿಂದೆ ಒಂದು ಮಠ ಇತ್ತು, ದೊಡ್ಡ ವಕೀಲರಿದ್ದರು. ಈ ಹುಡುಗಿಯ ಅಪ್ಪ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವರು.

ಒಂದು ಮಾತು ಹೇಳಿಬಿಡುತ್ತೇನೆ, ಹೇಗೂ ಇಷ್ಟು ಬರೆದಾಯಿತು. ನನ್ನ ಸಿಟ್ಟೆಲ್ಲಾ ಆ ಹುಡುಗಿಗಾಗಿ ಅಂತ ಅಂದುಕೊಳ್ಳಬೇಡಿ. ಅದರಲ್ಲಿ ನನ್ನ ಹೊಟ್ಟೆಕಿಚ್ಚೂ ಉಂಟು. ಪ್ರಾಯದಲ್ಲಿ ನನ್ನ ದನಿಯಲ್ಲಿ ಒಂದು ಕ್ಯಾಸೆಟ್ ಬರಬೇಕು ಅಂತ ಎಷ್ಟು ಆಸೆ ಇತ್ತೆಂದರೆ, ಯಾವ ಕಂಪನಿ ಕರೆದಿದ್ದರೂ ಒಂದಕ್ಷರ ಓದದೆ ಸಹಿ ಹಾಕುತ್ತಿದ್ದೆ. ಯಾರೂ ಕರೆಯಲಿಲ್ಲ. ಹಾಗೆ ಓದದೆ ಸಹಿ ಹಾಕಿದವರು ಎಷ್ಟೋ ಮಂದಿ ಇರಬೇಕು. ಅವರ ದನಿಗೆ ಸಿಕ್ಕಿದ್ದು ಆವತ್ತಿನ ಬಸ್ ಚಾರ್ಜು ಮತ್ತು ಊಟ. ಇವತ್ತು ಅದೇ ದನಿಯನ್ನು ಮುಂದಿಟ್ಟುಕೊಂಡು ನಮ್ಮ ಮಕ್ಕಳ ಮೇಲೆ ಕ್ಲೈಮ್ ಹಾಕುತ್ತಾರೆ. ಕಲಾವಿದರ ಹಿತ ಅಂತೆ. ಹಾಡಿದ ಆ ಕಲಾವಿದರಿಗೆ ಈ ಎಂಟಾಣೆಯಲ್ಲಿ ಎಷ್ಟು ಹೋಗುತ್ತದೆ ಅಂತ ಕೇಳಿದ್ದಕ್ಕೆ ಬೆಂಗಳೂರಿನ ಸ್ನೇಹಿತರು ಮಾತು ಬದಲಿಸಿದರು.

ಮಧ್ಯಾಹ್ನ ಕೂತು ತಕರಾರು ಹಾಕಿದ್ದಾಯಿತು. ಚಾನೆಲ್ ಹುಡುಗಿಯ ಮಾವನ ಹೆಸರಿನಲ್ಲಿದೆ, ಅವರನ್ನೇ ಕರೆಸಿ ಮಾಡಿಸಿದೆ. ಸಾಹಿತ್ಯ ಪುರಂದರದಾಸರದ್ದು, ಹಾಡಿದವರು, ನುಡಿಸಿದವರು ಇಂಥವರು, ಹೊರಗಿನ ಯಾವ ಮುದ್ರಣವನ್ನೂ ಬಳಸಿಲ್ಲ ಅಂತ ನಾಲ್ಕೇ ಸಾಲು. ನಿಮಗೂ ಹೀಗಾದರೆ ಕ್ಲೈಮ್ ಬಂದ ಐದು ದಿನದೊಳಗೆ ತಕರಾರು ಹಾಕಿ. ಹಾಗೆ ಮಾಡಿದರೆ ಜಾಹೀರಾತಿನ ದುಡ್ಡನ್ನು ಮೊದಲ ದಿನದಿಂದಲೇ ಯಾರಿಗೂ ಕೊಡದೆ ಪಕ್ಕಕ್ಕೆ ಇಡುತ್ತಾರೆ. ಮೂಲ ವಿಡಿಯೋ ಫೋನಿನಿಂದ ಅಳಿಸಬೇಡಿ. ಅದರಲ್ಲಿ ಸಿನಿಮಾ ಹಾಡು ಸೇರಿದ್ದರೆ ಮಾತ್ರ ತಕರಾರಿಗೆ ಹೋಗಬೇಡಿ, ಅಲ್ಲಿ ಅವರದ್ದೇ ಸರಿ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಭಜನಾ ಮಂಡಳಿಯವರಿಗೆ, ಭಾಗವತರಿಗೆ ಇಂಥ ಕ್ಲೈಮ್ ಬಂದಿದ್ದರೆ ಅದರ ಸ್ಕ್ರೀನ್‌ಶಾಟ್ ನನಗೆ ಇನ್‌ಬಾಕ್ಸಿನಲ್ಲಿ ಕಳಿಸಿ. ಕಂಪನಿಗಳ ಹೆಸರನ್ನು ಕಮೆಂಟಿನಲ್ಲಿ ಬರೆಯಬೇಡಿ, ಆಮೇಲೆ ಅದಕ್ಕೊಂದು ನೋಟಿಸ್ ಬಂದರೆ ಓದಿ ಹೇಳಲು ನನಗೆ ಪುರುಸೊತ್ತಿಲ್ಲ. "ಬಿಡಿ ಟೀಚರೇ, ಎಂಟಾಣೆಗೆ ಇಷ್ಟು ಉದ್ದ ಬರೆಯಬೇಕಾ" ಅನ್ನುವವರು ಅದನ್ನೂ ಇನ್‌ಬಾಕ್ಸಿಗೇ ಹಾಕಿ, ಅಲ್ಲೇ ಉತ್ತರ ಕೊಡುತ್ತೇನೆ.