ಸೀಟು ಬಿಡ್ತೀನ್ರಿ ಸಿಸ್ಟರ್

ನಿನ್ನೆ ಸಂಜೆಯಿಂದ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗಿದೆ. ನನ್ನ ಹಳೇ ಏರಿಯಾದ ಹುಡುಗಿ ಮನೆಗೆ ಬಂದಿದ್ದಳು. ಕೋವಿಡ್ ಎರಡನೇ ಅಲೆಯಲ್ಲಿ ಲಸಿಕೆ ಹಾಕಲು ಹೋದ ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಗಲ್ಲಿಗಳಲ್ಲಿ ನನ್ನ ಮುಂದೆ ಮುಂದೆ ನಡೆದು, ಅಜ್ಜಿಯಂದಿರ ಪಕ್ಕ ಕೂತು, ಅವರ ಮಾತಿನಲ್ಲೇ ಲಸಿಕೆಗೆ ಒಪ್ಪಿಸಿದವಳು. ಆಗಿನ್ನೂ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಳು. ಈಗ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸಿಗೆ ಸೀಟು ಸಿಕ್ಕಿದೆ. ಸಿಹಿ ತಂದಿರಬೇಕು ಅಂದುಕೊಂಡೆ.

"ಸೀಟು ಬಿಡ್ತೀನ್ರಿ ಸಿಸ್ಟರ್, ನಮ್ಮ ಅಬ್ಬಾನ ಕೈಲೆ ಆಗಂಗಿಲ್ಲ" ಅಂದಳು.

ಎರಡು ವರ್ಷದ ಕೋರ್ಸು, ಫೀಸು ಲಕ್ಷಗಳಲ್ಲಿ. ಅಲ್ಪಸಂಖ್ಯಾತರಿಗೆ ಸ್ಕಾಲರ್‌ಶಿಪ್ ಇದೆಯಲ್ಲ ಅಂತ ನಿನ್ನೆ ಸಂಜೆಯವರೆಗೆ ನಾನೂ ಅಂದುಕೊಂಡಿದ್ದೆ. ಕೇಂದ್ರದ ಮೆರಿಟ್ ಕಮ್ ಮೀನ್ಸ್ ಸ್ಕಾಲರ್‌ಶಿಪ್‌ನಲ್ಲಿ ಮನೆಯ ವರ್ಷದ ಆದಾಯ 2.5 ಲಕ್ಷ ದಾಟಬಾರದಿತ್ತು. ಆಯ್ದ 85 ಸಂಸ್ಥೆಗಳನ್ನು ಬಿಟ್ಟರೆ ಫೀಸಿಗೆ ವರ್ಷಕ್ಕೆ ಹೆಚ್ಚೆಂದರೆ 20,000 ರೂಪಾಯಿ ಸಿಗುತ್ತಿತ್ತು. ಅದೂ ಕೆಲವು ವರ್ಷದಿಂದ ನಿಂತಿದೆ. ಪಿಎಚ್‌ಡಿ ಮಾಡುವವರಿಗೆ 2009ರಿಂದ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಲ್ಲಿಸಿದ್ದೇವೆ ಎಂದು ಸರ್ಕಾರ ಲೋಕಸಭೆಯಲ್ಲಿ ಹೇಳಿದ್ದು 2022ರ ಡಿಸೆಂಬರ್‌ನಲ್ಲಿ. ಅದೇ ದಿನಗಳಲ್ಲಿ ಮುಂಬೈನ ಗೋವಂಡಿಯಲ್ಲಿ ದಡಾರದಿಂದ ಮಕ್ಕಳು ಸಾಯುತ್ತಿದ್ದವು. ಕಿಷ್ಕಿಂಧೆಯಂಥ ಬಸ್ತಿ, ಬಹುತೇಕ ಮುಸ್ಲಿಂ ಬಡವರು. ಅಲ್ಲಿ ಹುಟ್ಟಿ ಬೆಳೆದ ಮಗುವೊಂದು ಸಾಂಕ್ರಾಮಿಕ ರೋಗಶಾಸ್ತ್ರ ಓದಿ ಆ ಮನೆಗಳಿಗೇ ಮರಳಿದರೆ ಏನಾಗುತ್ತದೆ ಎನ್ನುವುದು ಮನೆಮನೆ ಸುತ್ತುವ ನನ್ನಂಥ ಎಲ್‌ಎಚ್‌ವಿಗೆ (ಹಿರಿಯ ಮಹಿಳಾ ಆರೋಗ್ಯ ಸಹಾಯಕಿಗೆ) ಯಾರೂ ವಿವರಿಸಬೇಕಿಲ್ಲ.

ಪೋಲಿಯೊ ನೆನಪಿದೆಯಾ? 2002ರಲ್ಲಿ ದೇಶದಲ್ಲಿ 1,600 ಪ್ರಕರಣ, ಹೆಚ್ಚಿನವು ಉತ್ತರಪ್ರದೇಶದಲ್ಲಿ. ಹನಿ ಬೇಡ ಎನ್ನುತ್ತಿದ್ದ ಮುಸ್ಲಿಂ ಮನೆಗಳನ್ನು ಒಲಿಸಲು ಅಲಿಗಢ, ಜಾಮಿಯಾ ಮಿಲಿಯಾ, ಜಾಮಿಯಾ ಹಮ್ದರ್ದ್ ವಿಶ್ವವಿದ್ಯಾಲಯದವರು ಬೇಕಾದರು, ಮೌಲ್ವಿಗಳು ಬೇಕಾದರು, ಅದೇ ಓಣಿಯ ಹೆಂಗಸರು ಬೇಕಾದರು. 2011ರ ಜನವರಿಯಲ್ಲಿ ಕೊನೆಯ ಪ್ರಕರಣ. ರೋಗ ಬಂದಾಗ ಅವರ ಮಕ್ಕಳು ನಮಗೆ ಬೇಕು. ಓದುತ್ತೇವೆ ಅಂದಾಗ ಬೇಡವೇ?

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ವರ್ಷಗಳಲ್ಲಿ ಹನಿ ಹಾಕಿಸದ ಮನೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ 'ಎಕ್ಸ್' ಬರೆಯುತ್ತಿದ್ದೆವು. ನಾನು ಎಷ್ಟೋ ಬಾಗಿಲಲ್ಲಿ ಎರಡನೇ ಸಲ ಕೂಗದೆ ಎಕ್ಸ್ ಎಳೆದು ಮುಂದೆ ಹೋಗಿದ್ದೇನೆ. "ಈ ಜನ ಹೀಗೇ" ಅಂದುಕೊಂಡಿದ್ದೇನೆ. ಯಾಕೆ ಬೇಡ ಅಂತ ಕೇಳಲಿಲ್ಲ. ಕೋವಿಡ್‌ನಲ್ಲಿ ಈ ಹುಡುಗಿ ಕೇಳಿದಳು. ಹೋದ ಸಲ ಆಸ್ಪತ್ರೆಯಲ್ಲಿ ಬೈಸಿಕೊಂಡು ಬಂದ ಸೊಸೆಯೊಬ್ಬಳ ಕಥೆ ಹೊರಗೆ ಬಂತು. ಹತ್ತು ನಿಮಿಷದಲ್ಲಿ ಆ ಮನೆಯ ಮೂವರೂ ತೋಳು ಕೊಟ್ಟರು. ಇಪ್ಪತ್ತೆಂಟು ವರ್ಷ ಸರ್ವಿಸ್ ಮಾಡಿದ ನಾನು ಪಕ್ಕದಲ್ಲಿ ನಿಂತು ಕಲಿತೆ.

ಸ್ಕಾಲರ್‌ಶಿಪ್‌ನಲ್ಲಿ ಮೋಸ ನಡೆದಿತ್ತಲ್ಲ ಅನ್ನುತ್ತೀರಿ. ನಡೆದಿತ್ತು. 830 ಸಂಸ್ಥೆಗಳು, 144 ಕೋಟಿಗೂ ಮಿಕ್ಕಿದ ಹಣ, ಸಿಬಿಐ ತನಿಖೆ. ಕದ್ದವರನ್ನು ಜೈಲಿಗೆ ಹಾಕಿ. ಪಡಿತರದಲ್ಲಿ ಕಳ್ಳತನವಾದರೆ ಅಕ್ಕಿ ಕೊಡುವುದನ್ನೇ ನಿಲ್ಲಿಸುತ್ತೇವಾ? ಸಾಲ ಮಾಡಲಿ ಅನ್ನುವವರೂ ಇದ್ದಾರೆ. ಎಂಪಿಎಚ್ ಮುಗಿಸಿದವರಿಗೆ ಸಿಗುವುದು ಹೆಚ್ಚಾಗಿ ಗುತ್ತಿಗೆ ಕೆಲಸ. ಗ್ಯಾರೇಜಿನಲ್ಲಿ ದುಡಿಯುವ ಅಪ್ಪ ಆ ಸಂಬಳದ ಭರವಸೆಯಲ್ಲಿ ಲಕ್ಷಗಟ್ಟಲೆ ಸಾಲಕ್ಕೆ ಹೇಗೆ ಸಹಿ ಹಾಕಬೇಕು?

ರಾತ್ರಿ ಪಾಸ್‌ಬುಕ್ ತೆಗೆದು ನೋಡಿದೆ. ಮೊದಲ ಕಂತಿನ ಅರ್ಧ ನಾನು ಕಟ್ಟುತ್ತೇನೆ, ಅವಳಿಗೆ ಇನ್ನೂ ಹೇಳಿಲ್ಲ. ಉಳಿದರ್ಧಕ್ಕೆ ದಾರಿ ಗೊತ್ತಿದ್ದವರು, ಎಂಪಿಎಚ್‌ಗೆ ನಿಜವಾಗಿ ಹಣ ಕೊಡುವ ಟ್ರಸ್ಟ್ ಗೊತ್ತಿದ್ದವರು ಇನ್‌ಬಾಕ್ಸ್‌ಗೆ ಬನ್ನಿ. ಫೀಸು ಕಟ್ಟಲು ಸೋಮವಾರ ಕೊನೇ ದಿನ.