ಟ್ರೇಲರ್ ಅವರದು, ರಿಪೇರಿ ಖರ್ಚು ನನ್ನದಾ?

ಮುಂದಿನ ಎಂಜಿನ್ ಗಾಡಿ ನನ್ನದು. ಹಿಂದಿನ ಟ್ರೇಲರ್ ಒಂದು ಕಂಪನಿಯದು. ಇವತ್ತು ನಾನು ಎಳೆದರೆ ನಾಳೆ ಇನ್ನೊಬ್ಬರು ಎಳೀತಾರೆ.

ಹೋದ ತಿಂಗಳು ವೈಟ್‌ಫೀಲ್ಡ್ ಡಿಪೋದಲ್ಲಿ ಕಂಟೇನರ್ ಹಾಕಿಸಿಕೊಂಡು ಚೆನ್ನೈ ಬಂದರಿಗೆ ಹೊರಟಿದ್ದೆ. ಮುಳಬಾಗಿಲಿನ ಹತ್ತಿರ ಟ್ರೇಲರಿನ ಬ್ರೇಕಿಗೆ ಗಾಳಿ ಹೋಗುವ ಏರ್ ಪೈಪ್ ಒಡೆಯಿತು. ಗಾಳಿ ಇಳಿದರೆ ಹಿಂದಿನ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತೆ, ಗಾಡಿ ಒಂದಡಿಯೂ ಕದಲಲ್ಲ. ರಾತ್ರಿ 2 ಗಂಟೆ. ಹೆದ್ದಾರಿ ಮಧ್ಯೆ 40 ಅಡಿ ಗಾಡಿ. ಹಿಂದಿನಿಂದ ಯಾರಾದರೂ ಬಂದು ಗುದ್ದಿದ್ದರೆ? ಮೆಕ್ಯಾನಿಕ್‌ನನ್ನು ಎಬ್ಬಿಸಿ ಕರೆಸಿದೆ. ₹4,800 ಕೊಟ್ಟೆ.

ಆ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ರಿಪೇರಿ ₹2,000 ಮೀರಿದರೆ ಮೊದಲೇ ಕಂಪನಿಯವರ ಒಪ್ಪಿಗೆ ಬೇಕಂತೆ. ಐದು ಸಲ ಫೋನ್ ಮಾಡಿದ್ದೆ, ಯಾರೂ ಎತ್ತಲಿಲ್ಲ. ಜಿಎಸ್‌ಟಿ ಬಿಲ್ ಬೇಕಂತೆ. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ರಿಪೇರಿ ಅಂಗಡಿಗೆ ನೋಂದಣಿಯೇ ಕಡ್ಡಾಯ ಅಲ್ಲ, ಅವನು ಎಲ್ಲಿಂದ ತರ್ತಾನೆ? ಹಳೇ ಪೈಪ್ ಯಾಕೆ ತರಲಿಲ್ಲ ಅಂತಲೂ ಕೇಳಿದರು. ಅದನ್ನು ಇಟ್ಟುಕೊಳ್ಳಬೇಕು ಅಂತ ನನಗೆ ಮೊದಲು ಯಾರೂ ಹೇಳಿರಲಿಲ್ಲ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಕೊನೆಯ ಮಾತಿಗೆ. 'ನಿಮ್ಮ ಕೈಯಲ್ಲಿದ್ದಾಗ ಹೋಯ್ತು, ನೀವೇ ನೋಡ್ಕೊಳ್ಳಿ' ಅಂದರು. ರಬ್ಬರ್ ಪೈಪ್ ಒಂದೇ ರಾತ್ರಿಗೆ ಸವೆಯುತ್ತಾ? ಎಷ್ಟು ಜನ ಎಳೆದು ಅದು ಬಿರುಕು ಬಿಟ್ಟಿತ್ತೋ! ನಾನು ಎಲ್ಲಾದರೂ ಗುದ್ದಿದ್ದರೆ ಖಂಡಿತ ನಾನೇ ಕೊಡ್ತೀನಿ. ಸವೆದು ಹೋಗಿದ್ದನ್ನು ಟ್ರೇಲರ್ ಮಾಲೀಕರೇ ಕೊಡಬೇಕು ಅಲ್ವಾ? ಗಾಡಿ ಕೈಗೆ ಕೊಡುವಾಗ ಟೈರು, ಪೈಪು, ಲೈಟಿನ ಫೋಟೋ ತೆಗೆದು ಇಬ್ಬರೂ ಸಹಿ ಹಾಕೋದಕ್ಕೆ ಹತ್ತು ನಿಮಿಷ ಸಾಕು. ರಾತ್ರಿ ಫೋನ್ ಎತ್ತೋಕೆ ಒಬ್ಬರನ್ನು ಇಡಿ. ಈ ತಿಂಗಳ ಕಂತು ಕಟ್ಟೋಕೆ ನನಗೆ ಆ ₹4,800 ಬೇಕು.