ವೇಗದ ರೈಲು, ಅಗಲದ ಹೆದ್ದಾರಿ: ಇದರಿಂದ ನಮ್ಮ ಜಿಲ್ಲೆಗಳು ಬೆಳೆಯುತ್ತವಾ?

ಧಾರವಾಡಕ್ಕೆ 2023ರ ಜೂನ್‌ನಲ್ಲಿ ಬೆಂಗಳೂರಿನಿಂದ ವಂದೇ ಭಾರತ್ ರೈಲು ಬಂತು. ಹುಬ್ಬಳ್ಳಿ–ಧಾರವಾಡ ಬೈಪಾಸನ್ನು ಆರು ಪಥಕ್ಕೆ ಅಗಲ ಮಾಡುವ ಕೆಲಸ ಶುರುವಾಯಿತು. ಇಂಥ ದೊಡ್ಡ ಯೋಜನೆಗಳಿಗೆ ಹಣ ಹಾಕಿದರೆ ಹುಬ್ಬಳ್ಳಿ–ಧಾರವಾಡದ ಜೊತೆ ಗದಗ, ಹಾವೇರಿಯೂ ಮೇಲೆ ಬರುತ್ತವಾ? ಎರಡೂ ಕಡೆಯ ವಾದ ಇಲ್ಲಿದೆ. ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಮೊದಲನೆಯದೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಪರ: ದಾರಿ ಆಗದೆ ಏನೂ ಬರುವುದಿಲ್ಲ

ನಮ್ಮ ಕಡೆಯವರಿಗೆ ಬೆಂಗಳೂರಿನ ಕೆಲಸ ಅಂದರೆ ಎರಡು ರಾತ್ರಿಯ ನಿದ್ದೆ ಹೋದಂತೆಯೇ. ರಾತ್ರಿ ಬಸ್ಸು ಹತ್ತಬೇಕು, ಬೆಳಗ್ಗೆ ಇಳಿದು ಎಲ್ಲೋ ಮುಖ ತೊಳೆಯಬೇಕು, ಕೆಲಸ ಮುಗಿಸಿ ಮತ್ತೆ ರಾತ್ರಿ ಬಸ್ಸು. ಹುಬ್ಬಳ್ಳಿಯಲ್ಲಿ ಸಣ್ಣ ಕಾರ್ಖಾನೆ ಇಟ್ಟವನು ಗಿರಾಕಿಯನ್ನು ಇಲ್ಲಿಗೆ ಕರೆದರೆ ಅವನೂ ಇದೇ ಲೆಕ್ಕ ಹಾಕುತ್ತಾನೆ. ಈಗ ಆರೂವರೆ ಗಂಟೆಯ ಆಸುಪಾಸಿನಲ್ಲಿ ಹಗಲು ಹೊತ್ತಿನಲ್ಲೇ ಊರು ಮುಟ್ಟಬಹುದು. ವ್ಯವಹಾರ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ಲಾಭ ಕಣ್ಣಿಗೆ ಬೀಳುವುದು ಕಡಿಮೆ. ವೇಗದ ರೈಲು ಓಡಿಸಲು ಜೋಡಿ ಹಳಿ, ವಿದ್ಯುತ್ ತಂತಿ, ಹೊಸ ಸಿಗ್ನಲ್ ಬೇಕು. ಇವು ಒಮ್ಮೆ ಬಂದರೆ ಹಳೆಯ ಪ್ಯಾಸೆಂಜರ್ ಗಾಡಿಗೂ ಗೂಡ್ಸ್ ಗಾಡಿಗೂ ಉಪಯೋಗ. ಒಂಟಿ ಹಳಿಯ ಕಾಲದಲ್ಲಿ ಕ್ರಾಸಿಂಗ್ ಅಂತ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತೇ ಬಿಡುತ್ತಿತ್ತು. ಎದುರಿನ ಗಾಡಿ ಬರುವವರೆಗೆ ಚಹಾದವನಿಗೆ ಮಾತ್ರ ವ್ಯಾಪಾರ. ಆ ಕಾಯುವಿಕೆ ತಪ್ಪಿದ್ದು ಬರೀ ದುಬಾರಿ ಟಿಕೆಟ್ ಕೊಂಡವರಿಗಲ್ಲ.

ರಸ್ತೆಯ ವಿಷಯದಲ್ಲಿ ಜೀವದ ಪ್ರಶ್ನೆಯೂ ಇದೆ. ಪುಣೆ–ಬೆಂಗಳೂರು ಹೆದ್ದಾರಿ ಎರಡೂ ಕಡೆ ಅಗಲವಾಗಿದ್ದು, ನಮ್ಮ ಬೈಪಾಸಿನ ಸುಮಾರು 30 ಕಿ.ಮೀ. ಮಾತ್ರ ಎರಡೇ ಪಥದಲ್ಲಿ ಉಳಿದಿತ್ತು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ನಡೆದ ಅಪಘಾತದಲ್ಲಿ ದಾವಣಗೆರೆ ಕಡೆಯಿಂದ ಹೊರಟಿದ್ದ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅದಾದ ಮೇಲೆ ರಸ್ತೆ ಅಗಲ ಮಾಡಬೇಕಾ ಬೇಡವಾ ಅಂತ ಯಾರೂ ಕೇಳಬಾರದು.

ದೇಶದ ಅನುಭವವೂ ಇದೇ ಕಡೆ ಇದೆ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಜೋಡಿಸುವ ಸುವರ್ಣ ಚತುಷ್ಪಥ ಹೆದ್ದಾರಿ ಆದ ಮೇಲೆ ಏನಾಯಿತು ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಆ ಹೆದ್ದಾರಿಗೆ 10 ಕಿ.ಮೀ. ಒಳಗಿದ್ದ ಜಿಲ್ಲೆಗಳಲ್ಲಿ ಕೈಗಾರಿಕೆ ಜೋರಾಗಿ ಬೆಳೆಯಿತು. ಧಾರವಾಡ, ಹಾವೇರಿ, ರಾಣೆಬೆನ್ನೂರು ಎಲ್ಲ ಅದೇ ಹೆದ್ದಾರಿಯ ಮೇಲಿವೆ. ಮೊದಲು ಟಾಟಾ ಮಾರ್ಕೊಪೋಲೊ ಅಂತಿದ್ದ ಟಾಟಾ ಬಸ್ ಕಾರ್ಖಾನೆ ಧಾರವಾಡದ ಆಚೆ, ಬೆಳಗಾವಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ಕಾಲೇಜು ಇರುವ ಹುಡುಗ ಹುಡುಗಿಯರು ಚಿಗರಿ ಬಸ್ಸು ನೆಚ್ಚಿಕೊಂಡು ದಿನಾ ಹೋಗಿಬರುತ್ತಾರೆ, ರೂಮಿನ ಬಾಡಿಗೆ ಉಳಿಯುತ್ತದೆ.

ವಿರೋಧ: ದಾರಿ ಎರಡೂ ಕಡೆಗೆ ಹೋಗುತ್ತದೆ

2022ರ ನವೆಂಬರ್‌ನಲ್ಲಿ ಒಂದು ಚೀಟಿ ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಗದಗ ಜಿಲ್ಲೆಯ ರೈತರೊಬ್ಬರು 400 ಕಿ.ಮೀ. ಮೇಲೆ ದೂರ ಹೋಗಿ ಬೆಂಗಳೂರಿನ ಯಶವಂತಪುರದಲ್ಲಿ 205 ಕಿಲೋ ಉಳ್ಳಾಗಡ್ಡಿ ಮಾರಿದ್ದರು. ಕ್ವಿಂಟಲ್‌ಗೆ 200 ರೂಪಾಯಿಯಂತೆ ಬಂದದ್ದು 410 ರೂಪಾಯಿ. ಅದರಲ್ಲಿ ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24 ರೂಪಾಯಿ. ಕೈಗೆ ಬಂದದ್ದು 8 ರೂಪಾಯಿ 36 ಪೈಸೆ.

ಆ ಲಾರಿ ಒಳ್ಳೆಯ ಹೆದ್ದಾರಿಯ ಮೇಲೇ ಹೋಗಿತ್ತು. ಇನ್ನೂ ಒಂದು ಗಂಟೆ ಬೇಗ ಮುಟ್ಟಿದ್ದರೆ ಆ ಚೀಟಿಯ ಯಾವ ಅಂಕಿ ಬದಲಾಗುತ್ತಿತ್ತು? ಆ ರೈತನಿಗೆ ಬೇಕಿದ್ದದ್ದು ಅಗ್ಗದ ಬಾಡಿಗೆ, ಹತ್ತಿರದ ಗೋದಾಮು, ಮಾಲು ತಡೆದಿಟ್ಟುಕೊಳ್ಳುವ ಶಕ್ತಿ. 2020ರಲ್ಲಿ ಶುರುವಾದ ಕಿಸಾನ್ ರೈಲಿನಲ್ಲಿ ಉಳ್ಳಾಗಡ್ಡಿಯಂಥ ಮಾಲಿಗೆ ಬಾಡಿಗೆಯ ಅರ್ಧ ಸಬ್ಸಿಡಿ ಇತ್ತು. ನಮ್ಮ ರೈತರಿಗೆ ತಾಗುವಂಥ ಯೋಚನೆ ಅದು. ವಂದೇ ಭಾರತ್‌ನಲ್ಲಿ ಉಳ್ಳಾಗಡ್ಡಿ ಚೀಲ ಹೋಗುವುದಿಲ್ಲವಲ್ಲ.

ಬ್ಯಾಡಗಿಯದೂ ಬೇರೆ ಕಥೆ ಅಲ್ಲ. ಅಲ್ಲಿನ ಮಾರ್ಕೆಟ್ಟಿಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಮೆಣಸಿನಕಾಯಿ ಬರುತ್ತದೆ. ಚೀಲ ಬಿಚ್ಚಿದ ವ್ಯಾಪಾರಿ ನೋಡುವುದು ಬಣ್ಣ, ಸುಕ್ಕು, ಒಣಗಿದ ಹದ. ಒಂದು ಮಳೆ ಹೊಡೆದರೆ ಬಣ್ಣ ಹೋಯಿತು, ಬಣ್ಣ ಹೋದರೆ ರೇಟು ಹೋಯಿತು. ಕೋಲ್ಡ್ ಸ್ಟೋರೇಜಿನಲ್ಲಿ ಜಾಗ ಸಿಕ್ಕವನು ಬಚಾವಾಗುತ್ತಾನೆ. ಒಣಗಿದ ಮೆಣಸಿನಕಾಯಿಗೆ ಅವಸರ ಇಲ್ಲ, ಅದಕ್ಕೆ ಬೇಕಾದ್ದು ನೆರಳು.

ಪರ ವಾದದವರು ಹೇಳಿದ ಆ ಲೆಕ್ಕದಲ್ಲೇ ಇನ್ನರ್ಧ ಮಾತಿದೆ. ಹೆದ್ದಾರಿಯಿಂದ 10 ಕಿ.ಮೀ. ದಾಟಿ 50 ಕಿ.ಮೀ.ವರೆಗಿನ ಜಿಲ್ಲೆಗಳಲ್ಲಿ ಅಂಥ ಬೆಳವಣಿಗೆ ಕಾಣಲಿಲ್ಲ. ಗದಗ ಆ ಹೆದ್ದಾರಿಯ ಮೇಲಿಲ್ಲ. ಹಾಗಿದ್ದರೆ ರೋಣ, ಗಜೇಂದ್ರಗಡ, ಮುಂಡರಗಿಯ ಗತಿ ಏನು? ರೈಲಿನದೂ ಇದೇ ಹಣೆಬರಹ. ವಂದೇ ಭಾರತ್ ಶುರುವಾದಾಗ ಬೆಂಗಳೂರು ಬಿಟ್ಟ ಮೇಲೆ ಯಶವಂತಪುರ, ದಾವಣಗೆರೆ, ಹುಬ್ಬಳ್ಳಿಯಲ್ಲಿ ಮಾತ್ರ ನಿಲ್ಲುತ್ತಿತ್ತು. ಹಾವೇರಿ ಜಿಲ್ಲಾ ಕೇಂದ್ರ, ಆದರೂ ಅದರ ಸ್ಟೇಷನ್ ದಾಟಿಯೇ ಹೋಗುತ್ತಿತ್ತು. ವೇಗ ಬೇಕೆಂದರೆ ನಿಲುಗಡೆ ಕಡಿಮೆ ಮಾಡಲೇಬೇಕು. ಯಾವ ಊರಿನ ನಿಲುಗಡೆ ಹೋಗುತ್ತದೆ ಅಂತ ಕೇಳಬೇಕಾ?

ನಿಲುಗಡೆ ಸಿಕ್ಕ ಊರಿಗೂ ಲಾಭವೇ ಆಗುತ್ತದೆ ಅನ್ನುವ ಹಾಗಿಲ್ಲ. ಜಪಾನಿನಲ್ಲಿ 1964ರಲ್ಲಿ ಟೋಕಿಯೊ–ಒಸಾಕಾ ನಡುವೆ ಶಿಂಕಾನ್ಸೆನ್ ಓಡತೊಡಗಿತು. ಮುಂದಿನ ದಶಕಗಳಲ್ಲಿ ಒಸಾಕಾದ ಎಷ್ಟೋ ಕಂಪನಿಗಳು ಮುಖ್ಯ ಕಚೇರಿಯನ್ನೇ ಟೋಕಿಯೊಗೆ ಒಯ್ದವು. ರೈಲೊಂದೇ ಕಾರಣ ಅಲ್ಲ, ನಿಜ. ಆದರೆ ಬೆಳಗ್ಗೆ ಹೋಗಿ ಸಂಜೆ ಬರುವಂತಾದರೆ ಇಲ್ಲೊಂದು ಆಫೀಸು ಯಾಕೆ ಅಂತ ದೊಡ್ಡ ಊರಿನವರು ಯೋಚಿಸಿಯೇ ಯೋಚಿಸುತ್ತಾರೆ.

ನಮಗೆ ಬೆಂಗಳೂರು ನಿಜವಾಗಿ ಹತ್ತಿರ ಆದದ್ದು ಯಾವಾಗ? 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದಾಗ. ಅದಕ್ಕೂ ಮುಂಚೆ ಒಂದು ತಾರೀಖಿಗೆ ಕಕ್ಷಿದಾರ ಫೈಲು ಬಗಲಲ್ಲಿ ಇಟ್ಟುಕೊಂಡು ರಾತ್ರಿ ಗಾಡಿ ಹತ್ತುತ್ತಿದ್ದ. ಕೇಸು ಮುಂದಕ್ಕೆ ಹೋದರೆ ಮತ್ತೆ ಅದೇ ಪ್ರಯಾಣ. ಆ ಖರ್ಚು ಉಳಿಸಿದ್ದು ಯಾವ ವೇಗದ ಗಾಡಿಯೂ ಅಲ್ಲ. ಜನ ಹೋರಾಡಿ ಪಡೆದ ಪೀಠ. 2003ರಲ್ಲಿ ಹುಬ್ಬಳ್ಳಿಗೆ ಬಂದ ನೈರುತ್ಯ ರೈಲ್ವೆ ವಲಯ ಕಚೇರಿಯೂ ಹಾಗೆ ಹೋರಾಟದಿಂದಲೇ ಬಂದದ್ದು. 2016ರಲ್ಲಿ ಧಾರವಾಡದಲ್ಲಿ ಐಐಟಿ ಶುರುವಾಯಿತು. ಇವುಗಳ ಸುತ್ತ ಮನೆ, ಖಾನಾವಳಿ, ಝೆರಾಕ್ಸ್ ಅಂಗಡಿ, ವಕೀಲರ ಚೇಂಬರು ಎಲ್ಲ ಬೆಳೆದವು. ನಿಂತು ಬೆಳೆಯುವ ಕೆಲಸ ಇದು.

ಹಾಗಂತ ಬೈಪಾಸು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಅದು ಬೇಗ ಮುಗಿಯಲಿ. ಆದರೆ ಲಕ್ಷ್ಮೇಶ್ವರದ ಮೇಲೆ ಹಾದುಹೋಗುವ ಗದಗ–ಯಲವಿಗಿ ರೈಲು ಮಾರ್ಗ ದಶಕಗಳ ಬೇಡಿಕೆ, ಅಲ್ಲಿ ಇನ್ನೂ ರೈಲು ಓಡುತ್ತಿಲ್ಲ. ಆ ಗಾಡಿ ನಿಧಾನಕ್ಕೇ ಹೋದರೂ ಪರವಾಗಿಲ್ಲ, ಪ್ರತಿ ಊರಲ್ಲಿ ನಿಲ್ಲಬೇಕು. ಅದರಲ್ಲಿ ಮಾಲು ಹೇರುವ ಎರಡು ಡಬ್ಬಿ ಇರಬೇಕು. ಮುಂದಿನ ಬಜೆಟ್ಟಿನಲ್ಲಿ ಮೊದಲ ದುಡ್ಡು ಇದಕ್ಕೆ ಹೋಗಲಿ.